ಎರಡು ಸಲ ಗೆದ್ದ ಮೆಂಬರ್ ಮೂರನೇ ಸಲ ನಿಲ್ಲಬಾರದು: ಈ ಮನವಿ ಯಾರಿಗೆ ಕೊಡಬೇಕು?

ಹೋದ ತಿಂಗಳು ಕೊಪ್ಪಳದ ಅಶೋಕ ವೃತ್ತದ ಹತ್ತಿರ ಮಿರ್ಚಿ ತಿನ್ನುತ್ತ ನಿಂತಿದ್ದೆ. ನಮ್ಮ ಓಣಿಯ ಹುಡುಗನೊಬ್ಬ ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ಬಂದ. "ಅಣ್ಣಾರ, ಒಂದು ಸಹಿ ಮಾಡ್ರಿ" ಅಂದ. ಹಾಳೆಯ ಮೇಲೆ ಹೀಗಿತ್ತು: ನಗರಸಭೆಗೆ ಎರಡು ಸಲ ಆಯ್ಕೆಯಾದವರು ಮೂರನೇ ಸಲ ಸ್ಪರ್ಧಿಸಬಾರದು ಎಂದು ನಿಯಮ ಮಾಡಬೇಕು. ಕೆಳಗೆ ನಲವತ್ತು ಐವತ್ತು ಸಹಿ. ಮೇಲೆ ವಿಳಾಸ: ಮಾನ್ಯ ಜಿಲ್ಲಾಧಿಕಾರಿಗಳಿಗೆ.

"ತಮ್ಮಾ, ಇದನ್ನ ಡಿಸಿ ಸಾಹೇಬರು ಮಾಡೋಕೆ ಬರ್ತದೇನು?" ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿದ. "ಮತ್ತ ಯಾರು ಮಾಡ್ತಾರ್ರೀ?" ಎಂದು ತಿರುಗಿ ಕೇಳಿದ. ಒಳ್ಳೆಯ ಪ್ರಶ್ನೆ. ಮನೆಗೆ ಬಂದು ಕೂತು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇಡಿಕೆ ಎಲ್ಲಿಂದ ಬಂತು ಅಂತ ನೋಡೋಣ. ಒಂದೇ ವಾರ್ಡಿನಲ್ಲಿ ಹದಿನೈದು ಇಪ್ಪತ್ತು ವರ್ಷ ಒಂದೇ ಮನೆಯವರು ಗೆಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಮೊದಲು ಅಪ್ಪ, ಆಮೇಲೆ ಮಗ, ವಾರ್ಡು ಮಹಿಳೆಗೆ ಮೀಸಲಾದರೆ ಸೊಸೆ. ಹೊಸಬರು ನಿಲ್ಲಬೇಕೆಂದರೆ ಹಣವೂ ಇಲ್ಲ, ಧೈರ್ಯವೂ ಇಲ್ಲ. ಚರಂಡಿ ಕಟ್ಟಿಕೊಂಡರೂ ಅದೇ ಮನೆ ಬಾಗಿಲಿಗೆ ಹೋಗಬೇಕು, ಖಾತಾ ಬದಲಾಗಬೇಕಾದರೂ ಅಲ್ಲಿಗೇ ಹೋಗಬೇಕು. ಇಷ್ಟು ವರ್ಷ ಸಾಕು, ಇನ್ನು ಬೇರೆಯವರಿಗೆ ಬಿಡಲಿ ಅಂತ ಜನರಿಗೆ ಅನ್ನಿಸುವುದು ಸಹಜ.

ಇದಕ್ಕೆ ಅವಧಿ ಮಿತಿ ಎನ್ನಬಹುದು. ಒಬ್ಬರು ಒಂದು ಹುದ್ದೆಯಲ್ಲಿ ಇಷ್ಟು ಸಲ ಮಾತ್ರ ಇರಬಹುದು ಎಂಬ ಕಟ್ಟು. ನಮ್ಮ ದೇಶದಲ್ಲಿ ಪ್ರಧಾನಿಗೂ ಇದು ಇಲ್ಲ, ಶಾಸಕರಿಗೂ ಇಲ್ಲ, ನಗರಸಭೆ ಸದಸ್ಯರಿಗೂ ಇಲ್ಲ, ಗ್ರಾಮ ಪಂಚಾಯ್ತಿ ಮೆಂಬರಿಗೂ ಇಲ್ಲ. ಹಾಗಂತ ಈ ಯೋಚನೆ ನಮಗೆ ಹೊಸದೇನಲ್ಲ. ಸಹಕಾರಿ ಬ್ಯಾಂಕಿನ ನಿರ್ದೇಶಕರು ಸತತವಾಗಿ ಇಷ್ಟೇ ವರ್ಷ ಇರಬಹುದು ಎಂದು ಕೇಂದ್ರದ ಕಾನೂನೇ ಹೇಳುತ್ತದೆ. 2020ರ ತಿದ್ದುಪಡಿಯಿಂದ 8 ವರ್ಷದ ಮಿತಿ ಬಂತು, 2025ರಲ್ಲಿ ಅದನ್ನು 10ಕ್ಕೆ ಏರಿಸಿದರು. ನಮ್ಮ ದುಡ್ಡು ಇಟ್ಟ ಬ್ಯಾಂಕಿಗೆ ಇರುವ ಮಿತಿ, ನಮ್ಮ ತೆರಿಗೆ ಕಟ್ಟಿಸಿಕೊಳ್ಳುವ ನಗರಸಭೆಗೆ ಯಾಕಿಲ್ಲ? ಹುಡುಗನ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೆ ಮನವಿ ಎಂಬ ಮಾತೇ ಸ್ವಲ್ಪ ಗೊಂದಲ ಮಾಡುತ್ತದೆ. ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಲು ಆಗುವುದಿಲ್ಲ.

ನಮ್ಮಲ್ಲಿ ಮನವಿ ಎಂದರೆ ಕೇಳಿಕೊಳ್ಳುವುದು. ತಹಶೀಲ್ದಾರ್ ಕಚೇರಿ ಮುಂದೆ ನಿಂತು, "ತಹಶೀಲ್ದಾರರ ಮೂಲಕ ಮಾನ್ಯ ಮುಖ್ಯಮಂತ್ರಿಗಳಿಗೆ" ಎಂದು ಬರೆದು ಕೊಡುತ್ತೇವೆ. ಫೋಟೊ ತೆಗೆಯುತ್ತಾರೆ, ಮರುದಿನ ಪೇಪರಿನಲ್ಲಿ ಬರುತ್ತದೆ. ಮೇಲಿನವರು ಅದನ್ನು ಒಪ್ಪಬೇಕೆಂಬ ಕಟ್ಟು ಇಲ್ಲ. ರಾಯಚೂರಿನ ಏಮ್ಸ್ ಹೋರಾಟ ನೋಡಿ. 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅಷ್ಟು ದಿನ ಜನ ಕೂತರು, ಎಷ್ಟೋ ಮನವಿ ಕೊಟ್ಟರು. ಆದರೂ ನಿರ್ಧಾರ ಕೊಡುವವರ ಕೈಯಲ್ಲೇ ಉಳಿಯಿತು.

ಅಮೆರಿಕದ ಹಲವು ರಾಜ್ಯ ಮತ್ತು ನಗರಗಳಲ್ಲಿ ಇನ್ನೊಂದು ಥರದ ಅರ್ಜಿ ಇದೆ. ಅಲ್ಲಿ ಜನರೇ ಕಾನೂನಿನ ಕರಡು ಬರೆಯುತ್ತಾರೆ. ಮತದಾರರ ಪಟ್ಟಿಯಲ್ಲಿರುವವರಿಂದ ಸಹಿ ತೆಗೆದುಕೊಳ್ಳುತ್ತಾರೆ. ಕಚೇರಿಯವರು ಆ ಸಹಿಗಳನ್ನು ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾರೆ. ಬೇಕಾದಷ್ಟು ಸಹಿ ಸರಿ ಇದ್ದರೆ ಆ ಕರಡು ಮತಕ್ಕೆ ಹೋಗಲೇಬೇಕು. ಮೇಯರ್‌ಗೆ ಇಷ್ಟ ಇಲ್ಲದಿದ್ದರೂ ಹೋಗುತ್ತದೆ. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ನಗರದ ಮೂಲ ನಿಯಮಾವಳಿ ಬದಲಾಯಿಸಲು ಸಾಮಾನ್ಯವಾಗಿ ನೋಂದಾಯಿತ ಮತದಾರರಲ್ಲಿ 15% ಜನರ ಸಹಿ ಬೇಕು. ಅಂದರೆ 50,000 ಮತದಾರರಿರುವ ಊರಾದರೆ 7,500 ಸಹಿ. ಇದು ಕೇಳಿಕೊಳ್ಳುವ ಅರ್ಜಿ ಅಲ್ಲ, ಮತದಾನ ನಡೆಸಲೇಬೇಕು ಎಂದು ಕಟ್ಟಿಹಾಕುವ ಅರ್ಜಿ. ಅದಕ್ಕೇ ಅಲ್ಲಿ ಅವಧಿ ಮಿತಿ ಬಂತು. ಅಧಿಕಾರದಲ್ಲಿ ಇರುವವರು ತಮ್ಮ ಕುರ್ಚಿಗೆ ತಾವೇ ಮಿತಿ ಹಾಕಿಕೊಳ್ಳುವುದು ಅಪರೂಪ ಅಲ್ವಾ? ಆ ಕೆಲಸ ಹೊರಗಿನವರೇ ಮಾಡಬೇಕು.

1990ರಲ್ಲಿ ಕ್ಯಾಲಿಫೋರ್ನಿಯಾ, ಕೊಲೊರಾಡೊ, ಒಕ್ಲಹೋಮ ರಾಜ್ಯಗಳ ಮತದಾರರು ತಮ್ಮ ಶಾಸಕರಿಗೆ ಮಿತಿ ಹಾಕಿದರು. ಆಮೇಲೆ ಅಲೆ ಎದ್ದಿತು. ಕೆಲವು ರಾಜ್ಯಗಳು ದೇಶದ ಸಂಸತ್ತಿಗೆ ಹೋಗುವ ತಮ್ಮ ಪ್ರತಿನಿಧಿಗಳಿಗೂ ಮಿತಿ ಹಾಕಿದವು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4 ತೀರ್ಪಿನಲ್ಲಿ ಅದನ್ನು ಹೊಡೆದುಹಾಕಿತು. ಸಂಸತ್ತಿನ ಸದಸ್ಯರ ಅರ್ಹತೆ ಸಂವಿಧಾನದಲ್ಲಿ ಬರೆದಿದೆ, ರಾಜ್ಯಗಳು ಅದಕ್ಕೆ ಹೊಸದು ಸೇರಿಸುವ ಹಾಗಿಲ್ಲ ಎಂದಿತು. ರಾಜ್ಯದ ಶಾಸಕರ ಮಿತಿ, ಊರಿನ ಕೌನ್ಸಿಲ್‌ಗಳ ಮಿತಿ ಹಾಗೇ ಉಳಿದವು. ಈ ವ್ಯತ್ಯಾಸ ನೆನಪಿಡಿ, ನಮ್ಮ ವಿಷಯಕ್ಕೂ ಬರುತ್ತದೆ.

ನ್ಯೂಯಾರ್ಕ್ ನಗರದ ಕತೆ ಎಲ್ಲಕ್ಕಿಂತ ಚೆನ್ನಾಗಿದೆ. 1993ರಲ್ಲಿ ಅಲ್ಲಿನ ಮತದಾರರು ಮೇಯರ್‌ಗೂ ಕೌನ್ಸಿಲ್ ಸದಸ್ಯರಿಗೂ ಎರಡು ಅವಧಿಯ ಮಿತಿ ಹಾಕಿದರು. ಸದಸ್ಯರಿಗೆ ಇದು ಹಿಡಿಸಲಿಲ್ಲ. 1996ರಲ್ಲಿ ಎರಡನ್ನು ಮೂರು ಮಾಡೋಣ ಎಂದು ಮತಕ್ಕೆ ಇಟ್ಟರು, ಜನ ಬೇಡ ಎಂದರು. 2001ರಲ್ಲಿ ಮಿತಿ ಕಚ್ಚಿತು. 51 ಸದಸ್ಯರ ಕೌನ್ಸಿಲ್‌ನಲ್ಲಿ ಬಹುಪಾಲು ಹಳಬರು ಮನೆಗೆ ಹೋಗಬೇಕಾಯಿತು. 2008ರಲ್ಲಿ ಕೌನ್ಸಿಲ್ ಈ ಸಲ ಜನರನ್ನು ಕೇಳಲೇ ಇಲ್ಲ. ತಾನೇ 29–22 ಮತದಲ್ಲಿ ಎರಡನ್ನು ಮೂರು ಮಾಡಿತು. ಮೇಯರ್ ಬ್ಲೂಮ್‌ಬರ್ಗ್ ಮೂರನೇ ಸಲ ನಿಂತು ಗೆದ್ದರು. 2010ರಲ್ಲಿ ಮತದಾರರು ಮತ್ತೆ ಎರಡಕ್ಕೇ ಇಳಿಸಿದರು. ಹದಿನೇಳು ವರ್ಷದಲ್ಲಿ ಜನ ಮೂರು ಸಲ ಒಂದೇ ಮಾತು ಹೇಳಿದರು, ನಡುವೆ ಒಮ್ಮೆ ಸದಸ್ಯರೇ ಅದನ್ನು ಅಳಿಸಿದರು. ಕೊನೆಗೆ ಗೆದ್ದದ್ದು ಯಾಕೆ? ಜನರ ಕೈಯಲ್ಲಿ ಮತಪೆಟ್ಟಿಗೆಯ ದಾರಿ ಇತ್ತು ಅದಕ್ಕೆ.

ನಮ್ಮ ಕೈಯಲ್ಲಿ ಆ ದಾರಿ ಇಲ್ಲ. ಕರ್ನಾಟಕದ ಯಾವ ನಗರಸಭೆಯಲ್ಲೂ ಜನ ಸಹಿ ಹಾಕಿ ಒಂದು ನಿಯಮವನ್ನು ಮತಕ್ಕೆ ಇಡಿಸಲು ಬರುವುದಿಲ್ಲ. ಸ್ವಲ್ಪ ಹತ್ತಿರ ಬರುವುದು ಹಳ್ಳಿಯಲ್ಲಿ. ನಮ್ಮ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆಯ 10% ಸದಸ್ಯರು ವಿಷಯ ಬರೆದು ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ಗ್ರಾಮಸಭೆಯ ಸದಸ್ಯರು ಎಂದರೆ ಮತದಾರರೇ. ಈ ಸಹಿಗೆ ಕಾನೂನಿನ ಬಲ ಇದೆ. ಆದರೆ ಸಭೆ ಕರೆಸಬಹುದು, ಚರ್ಚೆ ಮಾಡಿಸಬಹುದು, ಠರಾವು ಬರೆಸಬಹುದು ಅಷ್ಟೇ. ಯಾರು ಚುನಾವಣೆಗೆ ನಿಲ್ಲಬಹುದು ಎಂಬ ನಿಯಮ ಬದಲಾಯಿಸುವ ಶಕ್ತಿ ಅದಕ್ಕೆ ಇಲ್ಲ.

ಹಾಗಾದರೆ ಯಾರಿಗಿದೆ? ಜಿಲ್ಲಾಧಿಕಾರಿಗೆ ಇಲ್ಲ. ಪೌರಾಯುಕ್ತರಿಗೆ ಇಲ್ಲ. ನಗರಸಭೆ ಎಲ್ಲ ಸದಸ್ಯರ ಒಪ್ಪಿಗೆಯಿಂದ ಠರಾವು ಮಾಡಿದರೂ ಅದು ನಿಯಮ ಆಗುವುದಿಲ್ಲ. ರಾಜ್ಯ ಚುನಾವಣಾ ಆಯೋಗ ಚುನಾವಣೆ ನಡೆಸುತ್ತದೆ, ಅರ್ಹತೆ ಬರೆಯುವುದಿಲ್ಲ.

ಉತ್ತರ ಸಂವಿಧಾನದಲ್ಲಿದೆ. 1992ರ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯ್ತಿ, ನಗರಸಭೆಗಳಿಗೆ ಗಟ್ಟಿ ನೆಲೆ ಕೊಟ್ಟವು. ಅವುಗಳಲ್ಲಿ 243ಎಫ್ ಮತ್ತು 243ವಿ ಎಂಬ ಎರಡು ವಿಧಿಗಳಿವೆ. ಯಾರು ಸದಸ್ಯರಾಗಬಾರದು ಎಂಬುದನ್ನು ರಾಜ್ಯ ವಿಧಾನಮಂಡಲ ಕಾನೂನಿನ ಮೂಲಕ ಹೇಳಬಹುದು ಎಂದು ಅವು ಹೇಳುತ್ತವೆ. ಶಾಸಕರ ವಿಷಯ ಹಾಗಲ್ಲ. ಅವರ ಅನರ್ಹತೆಗಳನ್ನು ಬರೆಯುವುದು ಸಂವಿಧಾನ ಮತ್ತು ಸಂಸತ್ತು. ಅಂದರೆ ಶಾಸಕರಿಗೆ ಮಿತಿ ಬೇಕಾದರೆ ದಿಲ್ಲಿಗೆ ಹೋಗಬೇಕು, ವಾರ್ಡ್ ಮೆಂಬರಿಗೆ ಮಿತಿ ಬೇಕಾದರೆ ಬೆಂಗಳೂರು ಸಾಕು.

ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಹರಿಯಾಣದ ಎರಡು ಪ್ರಕರಣ ನೋಡಿ. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಪಂಚಾಯ್ತಿಗೆ ನಿಲ್ಲಬಾರದು ಎಂಬ ಅಲ್ಲಿನ ನಿಯಮವನ್ನು 2003ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಷ್ಟು ಓದಿರಬೇಕು ಎಂಬ ನಿಯಮವನ್ನು 2015ರಲ್ಲಿ ಎತ್ತಿಹಿಡಿಯಿತು. ಆ ಎರಡೂ ನಿಯಮ ನನಗೆ ಹಿಡಿಸುವುದಿಲ್ಲ. ಬಡವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಅವು ಹೊರಗಿಟ್ಟವು. ಶಾಲೆ ಕಾಣದ ತಾಯಂದಿರು ಎಷ್ಟೋ ಜನ ಇರುವ ನಮ್ಮ ಭಾಗದಲ್ಲಿ ಅಂಥ ನಿಯಮ ಬಂದಿದ್ದರೆ ಎಷ್ಟು ಅನ್ಯಾಯ ಆಗುತ್ತಿತ್ತು! ಆದರೂ ಅವುಗಳಿಂದ ಒಂದು ವಿಷಯ ತಿಳಿಯುತ್ತದೆ: ಸ್ಥಳೀಯ ಸಂಸ್ಥೆಗೆ ನಿಲ್ಲಲು ಷರತ್ತು ಹಾಕುವ ವಿಷಯದಲ್ಲಿ ಕೋರ್ಟು ರಾಜ್ಯಗಳಿಗೆ ಸಾಕಷ್ಟು ಜಾಗ ಬಿಟ್ಟಿದೆ. ಎರಡು ಅವಧಿಯ ಮಿತಿಗೂ ಆ ಜಾಗ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಓದು. ಇಂಥ ಕಾನೂನು ಬಂದು, ಯಾರಾದರೂ ಪ್ರಶ್ನಿಸಿದ ಮೇಲೇ ಅದು ಗಟ್ಟಿಯಾಗಿ ತೀರ್ಮಾನ ಆಗುವುದು.

ತಿದ್ದಬೇಕಾದ ಕಾನೂನು ಯಾವುದು ಎಂಬುದು ಊರಿನ ಮೇಲೆ ಹೋಗುತ್ತದೆ. ಕೊಪ್ಪಳ, ಗಂಗಾವತಿ, ಸಿಂಧನೂರಿನಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಬಳ್ಳಾರಿ ಮಹಾನಗರ ಪಾಲಿಕೆಗೆ 1976ರ ಪಾಲಿಕೆಗಳ ಕಾಯ್ದೆ. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಮೂರನ್ನೂ ಹೆಸರಿಸಿ ಬರೆಯದಿದ್ದರೆ ಅರ್ಧ ಕೆಲಸ ಆದಂತೆ.

ಈಗ ಕಷ್ಟದ ಭಾಗ. "ಎರಡು ಸಲ" ಎನ್ನುವುದು ಹೇಳಲು ಸುಲಭ, ಎಣಿಸಲು ಕಷ್ಟ.

ನಮ್ಮ ಊರಿನದೇ ಲೆಕ್ಕ ತೆಗೆದುಕೊಳ್ಳಿ. 2018ರ ಆಗಸ್ಟ್ ಕೊನೆಗೆ ಕೊಪ್ಪಳ, ಗಂಗಾವತಿ, ರಾಯಚೂರು ನಗರಸಭೆಗಳಿಗೆ ಮತದಾನ ನಡೆಯಿತು. ಗೆದ್ದವರು ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಎರಡು ವರ್ಷ ಗೆದ್ದವರಿದ್ದರು, ಸಭೆ ಇರಲಿಲ್ಲ. ಸಂವಿಧಾನದಲ್ಲಿ ಐದು ವರ್ಷದ ಎಣಿಕೆ ಶುರುವಾಗುವುದು ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ. ಅಧ್ಯಕ್ಷರಿಗೆ ಇರುವುದು 30 ತಿಂಗಳು. ಮೊದಲ 30 ತಿಂಗಳು 2023ರಲ್ಲಿ ಮುಗಿದರೂ ಎರಡನೇ ಅರ್ಧದ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಬಳ್ಳಾರಿಯಲ್ಲೂ ಹೀಗೇ. 2021ರ ಏಪ್ರಿಲ್‌ನಲ್ಲಿ 39 ವಾರ್ಡುಗಳಿಗೆ ಮತ ಹಾಕಿದರು, ಹತ್ತು ತಿಂಗಳು ಕಳೆದರೂ ಮೇಯರ್ ಇರಲಿಲ್ಲ.

ಇಂಥ ಅವಧಿಯನ್ನು ಒಂದು ಸಲ ಎಂದು ಎಣಿಸಬೇಕೇ? ಉಪಚುನಾವಣೆಯಲ್ಲಿ ಗೆದ್ದು ಎಂಟು ತಿಂಗಳು ಇದ್ದವರದ್ದು? ಅಮೆರಿಕದ ಅಧ್ಯಕ್ಷರ ವಿಷಯದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ: ಬೇರೆಯವರ ಉಳಿದ ಅವಧಿಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ನಮ್ಮ ಮನವಿಯಲ್ಲೂ ಇಂಥ ಒಂದು ಸಾಲು ಬೇಕು. ಹಾಗೆಯೇ ಹಿಂದೆ ಗೆದ್ದದ್ದನ್ನು ಎಣಿಸಬೇಕೇ, ಕಾನೂನು ಬಂದ ದಿನದಿಂದ ಎಣಿಸಬೇಕೇ ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಕಾನೂನು ಊರುಗಳಿಗೆ ಮುಂದಿನದನ್ನು ಮಾತ್ರ ಎಣಿಸಲು ಬಿಡುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಈಗ ಇರುವ ಒಬ್ಬರನ್ನು ಇಳಿಸಲಿಕ್ಕೇ ಕಾನೂನು ಮಾಡಿದರು ಎಂಬ ಮಾತು ಬರಬಾರದು.

ಸತತ ಎರಡು ಸಲವೋ, ಜೀವನದಲ್ಲೇ ಎರಡು ಸಲವೋ ಎಂಬುದು ಇನ್ನೊಂದು ಪ್ರಶ್ನೆ. ನಾನು ಸತತ ಎನ್ನುವ ಕಡೆ. ಒಂದು ಅವಧಿ ಹೊರಗೆ ಕೂತು, ಮತ್ತೆ ಜನರ ಮುಂದೆ ಬರಲಿ. ಕೆಲಸ ಚೆನ್ನಾಗಿ ಮಾಡಿದವರನ್ನು ಪೂರ್ತಿ ಕಳೆದುಕೊಳ್ಳಬಾರದು. ಬಜೆಟ್ ಓದಲು, ಟೆಂಡರಿನ ಕಡತ ಅರ್ಥ ಮಾಡಿಕೊಳ್ಳಲು ಹೊಸ ಮೆಂಬರಿಗೆ ಒಂದೆರಡು ವರ್ಷ ಬೇಕೇ ಬೇಕು. ಎಲ್ಲರೂ ಹೊಸಬರೇ ಆದರೆ ಸಭೆಯಲ್ಲಿ ಗೊತ್ತಿರುವವರು ಅಧಿಕಾರಿಗಳು ಮಾತ್ರ. ಅಧಿಕಾರಿಗಳೂ ವರ್ಗವಾಗಿ ಹೋಗುತ್ತಾರೆ. ಊರಿನಲ್ಲಿ ಬದಲಾಗದೆ ಉಳಿಯುವವರು ಗುತ್ತಿಗೆದಾರರು. ಅವರಿಗೆ ಅವಧಿ ಮಿತಿ ಇಲ್ಲ. ಮಿತಿ ಬೇಕು ಎನ್ನುವವರು ಈ ಮಾತಿಗೂ ಉತ್ತರ ಇಟ್ಟುಕೊಂಡಿರಬೇಕು.

ಮನೆಯವರ ವಿಷಯ ಬಂದಾಗ ಫಿಲಿಪ್ಪೀನ್ಸ್ ನೆನಪಾಗುತ್ತದೆ. ಅಲ್ಲಿನ 1987ರ ಸಂವಿಧಾನ ಸ್ಥಳೀಯ ಪ್ರತಿನಿಧಿಗಳಿಗೆ ಮೂರು ವರ್ಷದ ಅವಧಿ, ಸತತವಾಗಿ ಮೂರೇ ಸಲ ಎಂದು ಕಟ್ಟು ಹಾಕಿತು. ಏನಾಯಿತು? ಮೂರು ಸಲ ಮುಗಿದವರ ಹೆಂಡತಿ, ಮಗ, ತಮ್ಮ ನಿಂತರು. ಮೂರು ವರ್ಷ ಕಳೆದು ಹಳಬರೇ ತಿರುಗಿ ಬಂದರು. ನಮಗೆ ಇದು ಗೊತ್ತಿಲ್ಲದ್ದೇನಲ್ಲ. ನಮ್ಮಲ್ಲಿ ವಾರ್ಡಿನ ಮೀಸಲಾತಿ ಸರದಿಯಂತೆ ಬದಲಾಗುತ್ತದೆ. ಒಂದು ಸಲ ಸಾಮಾನ್ಯ, ಇನ್ನೊಂದು ಸಲ ಮಹಿಳೆ, ಮತ್ತೊಂದು ಸಲ ಪರಿಶಿಷ್ಟ ಜಾತಿ. ಹೀಗೆ ನೋಡಿದರೆ ನಮಗೆ ಅರ್ಧ ಅವಧಿ ಮಿತಿ ಈಗಾಗಲೇ ಇದೆ. ಈ ಸರದಿಯಿಂದಲೇ ಎಷ್ಟೋ ಹೆಣ್ಣುಮಕ್ಕಳು, ದಲಿತರು ಮೊದಲ ಸಲ ಆ ಕುರ್ಚಿಯಲ್ಲಿ ಕೂತರು. ಅದು ದೊಡ್ಡ ಲಾಭ. ಆದರೆ ಗಟ್ಟಿ ಕುಳಗಳು ಪಕ್ಕದ ವಾರ್ಡಿಗೆ ಹೋಗಿ ನಿಲ್ಲುತ್ತಾರೆ, ಇಲ್ಲವೇ ಹೆಂಡತಿಯನ್ನು ನಿಲ್ಲಿಸಿ ತಾವೇ ಸಭೆಗೆ ಬರುತ್ತಾರೆ. ಅದಕ್ಕೇ ಮಿತಿಯನ್ನು ವಾರ್ಡಿಗಲ್ಲ, ಇಡೀ ಸಂಸ್ಥೆಗೆ ಸೇರಿಸಿ ಬರೆಯಬೇಕು. ಸಂಬಂಧಿಕರು ನಿಲ್ಲಲೇಬಾರದು ಎಂದು ಬರೆಯಲು ಹೋಗಬೇಡಿ. ಹೆಂಡತಿಗೆ ತನ್ನದೇ ಹಕ್ಕಿದೆ, ಗಂಡ ಮೆಂಬರ್ ಆಗಿದ್ದ ಎಂಬ ಕಾರಣಕ್ಕೆ ಅದನ್ನು ಕಸಿಯುವುದು ನ್ಯಾಯವಲ್ಲ.

ಹಿಂದಕ್ಕೆ ಕರೆಸುವ ಹಕ್ಕು ಎಂಬ ಇನ್ನೊಂದು ದಾರಿಯನ್ನೂ ಕೆಲವರು ಹೇಳುತ್ತಾರೆ. ಛತ್ತೀಸಗಡದಲ್ಲಿ 2008ರಲ್ಲಿ ಮೂರು ನಗರ ಪಂಚಾಯ್ತಿ ಅಧ್ಯಕ್ಷರನ್ನು ಜನ ಮತ ಹಾಕಿಯೇ ಇಳಿಸಿದರು. ಅದು ಅಧ್ಯಕ್ಷರಿಗೆ ಮಾತ್ರ. ಶುರು ಮಾಡಬೇಕಾದವರೂ ಜನರಲ್ಲ, ಸದಸ್ಯರು. ಕೆಟ್ಟವರನ್ನು ಇಳಿಸುವುದು ಬೇರೆ, ಹೊಸಬರಿಗೆ ಜಾಗ ಮಾಡುವುದು ಬೇರೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವ ದೊಡ್ಡ ಚಿಂತೆ ಹೇಳಬೇಕು. ನಮ್ಮಲ್ಲಿ ಮೆಂಬರ್ ಜಾಸ್ತಿ ದಿನ ಇರುವುದಕ್ಕಿಂತ, ಮೆಂಬರೇ ಇಲ್ಲದ ದಿನಗಳು ಜಾಸ್ತಿ ಆಗುತ್ತಿವೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಮತ ಹಾಕಿದೆವು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಆಡಳಿತಾಧಿಕಾರಿಗಳ ಆಡಳಿತ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅವಧಿಯೇ ಸರಿಯಾಗಿ ನಡೆಯದ ಕಡೆ ಅವಧಿ ಮಿತಿಯನ್ನು ಎಲ್ಲಿಂದ ಎಣಿಸುವುದು? ಸಕಾಲಕ್ಕೆ ಚುನಾವಣೆ ಎಂಬುದು ಮನವಿಯ ಮೊದಲ ಸಾಲಾಗಬೇಕು. ಎರಡು ಅವಧಿಯ ಮಿತಿ ಎರಡನೇ ಸಾಲು.

ಬಳ್ಳಾರಿಯವರು ಇನ್ನೊಂದು ಸಾಲು ಸೇರಿಸಬಹುದು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದಲ್ಲೇ ಇದೆ. 2011ರ ಜನಗಣತಿಯಲ್ಲೇ ಬಳ್ಳಾರಿ 4 ಲಕ್ಷ ದಾಟಿತ್ತು. ಸಮಿತಿಯಲ್ಲಿ ಕೂತು ಕೆಲಸ ಕಲಿತ ಹೊಸ ಮುಖಗಳು ಇದ್ದರೆ, ಹಳಬರು ಇಳಿದಾಗ ನಿಲ್ಲಲು ಜನ ಸಿಗುತ್ತಾರೆ.

ಮನವಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯನ್ನು ನೆನಪಿಸುತ್ತೇನೆ. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಊರೂರು ತಿರುಗಿ, ಬೀದಿಗಿಳಿದು ಕೇಳಿದರು. ಒಮ್ಮೆ ದಿಲ್ಲಿ ಆಗಲ್ಲ ಎಂದಿತ್ತು. ಕೊನೆಗೆ 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಮಾಡಿತು, ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಬಂತು. ಸಂವಿಧಾನವನ್ನೇ ತಿದ್ದಿಸಿದ ಜನ ನಾವು. ಅವರು ಕೇಳಿದ್ದು ಸ್ಪಷ್ಟವಾಗಿತ್ತು: ಯಾವ ವಿಧಿ, ಯಾವ ಜಿಲ್ಲೆ, ಏನು ಬೇಕು.

ಮೊನ್ನೆ ಭಾನುವಾರ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕೂತು ಹೊಸ ಹಾಳೆ ಬರೆದೆವು. ಜಿಲ್ಲಾಧಿಕಾರಿಗಳ ವಿಳಾಸ ತೆಗೆದೆವು. ಅಲ್ಲಿ "ಅರ್ಜಿಗಳ ಸಮಿತಿ, ಕರ್ನಾಟಕ ವಿಧಾನಸಭೆ, ವಿಧಾನಸೌಧ, ಬೆಂಗಳೂರು" ಎಂದು ಹಾಕಿದೆವು. ಜನರ ಅರ್ಜಿಗಳನ್ನು ನೋಡಲಿಕ್ಕೆಂದೇ ಸದನದಲ್ಲಿ ಆ ಸಮಿತಿ ಇದೆ. ಒಂದು ಪ್ರತಿ ನಮ್ಮ ಶಾಸಕರಿಗೆ, ಯಾಕೆಂದರೆ ತಿದ್ದುಪಡಿಗೆ ಕೈ ಎತ್ತಬೇಕಾದವರು ಅವರೇ. ಹಳೆಯ ಸಹಿಗಳನ್ನು ಹೊಸ ಹಾಳೆಗೆ ಅಂಟಿಸೋಣವೇ ಎಂದು ಅವನು ಕೇಳಿದ. ಬೇಡ ಎಂದೆ. ಅವರು ಸಹಿ ಮಾಡಿದ್ದು ಬೇರೆ ಮಾತಿಗೆ. ಮತ್ತೆ ಮನೆ ಮನೆಗೆ ಹೋಗಿ ಓದಿ ಹೇಳಬೇಕು. ಈ ಸಲ ಹೆಸರಿನ ಪಕ್ಕ ವಾರ್ಡ್ ನಂಬರಿಗೂ ಒಂದು ಗೆರೆ ಎಳೆದಿದ್ದೇವೆ. ಮೊದಲ ಸಹಿ ನಾನು ಮಾಡಿದೆ, ಎರಡನೆಯದು ಅವನ ಅವ್ವನದು.